ಆಕಾಶಕ್ಕೂ ಹೊಸ್ತಿಲುಂಟು

ಓದುಗ ಸೋದರಿಯರೇ, ನಿಮ್ಮಲ್ಲಿ ಮಕ್ಕಳನ್ನು ಪರದೇಶಕ್ಕೆ ಕಳಿಸಿದವರಿದ್ದರೆ ನಾನು ಹೇಳುವುದು ಬೇಗ ತಿಳಿದೀತು. ಮಗಳು ಜರ್ಮನಿಯಲ್ಲಿ ಓದುತ್ತಾಳೆ ಎಂದರೆ ಓಣಿಯವರಿಗೆ ಹೆಮ್ಮೆ, ನೆಂಟರಲ್ಲಿ ಕೆಲವರಿಗೆ ಹೊಟ್ಟೆಯುರಿ. ತಾಯಿಗೆ ಮಾತ್ರ ಬರೀ ಲೆಕ್ಕ. ಅಲ್ಲಿ ಈಗ ಎಷ್ಟು ಗಂಟೆ? ಉಂಡಳೋ ಇಲ್ಲವೋ? ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ತಾಸು ಹಿಂದೆ. ಈ ಲೆಕ್ಕ ನನಗೆ ಹಾಲಿನ ಲೆಕ್ಕಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿದೆ.

ಮೂರು ವರ್ಷದ ಹಿಂದೆ ಒಂದು ಭಾನುವಾರ. ಗಂಗಾವತಿಯ ನಮ್ಮ ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಫೋನ್ ಬಂತು.

"ಅವ್ವಾ, ಒಂದ್ ಮಾತ್ ಹೇಳ್ತೀನಿ, ಬೈಬ್ಯಾಡ. ನಾ ಹಾರಾಕ ಕಲಿಯಾಕತ್ತೀನಿ."

"ಏನ್ ಹಾರ್ತೀಯೇ? ಗ್ವಾಡಿ ಹಾರ್ತೀಯೇನು?" ಎಂದೆ.

"ವಿಮಾನ ಅವ್ವಾ. ಗ್ಲೈಡರ್ ಅಂತಾರ. ಅದಕ್ಕ ಇಂಜಿನ್ ಇರಂಗಿಲ್ಲ."

ಹಿಟ್ಟು ಕೈಯಲ್ಲೇ ಉಳಿಯಿತು. ಇಂಜಿನ್ ಇದ್ದ ವಿಮಾನಕ್ಕೇ ನಾವು ದೇವರಿಗೆ ಕಾಯಿ ಕಟ್ಟುವವರು. ಇಂಜಿನ್ನೇ ಇಲ್ಲದ್ದು ಎಂದರೆ ಯಾವ ತಾಯಿಯ ಎದೆ ಧಸಕ್ ಎನ್ನುವುದಿಲ್ಲ, ನೀವೇ ಹೇಳಿ.

ಆಮೇಲೆ ಸಾವಕಾಶವಾಗಿ ತಿಳಿದುಕೊಂಡೆ. ಗ್ಲೈಡರ್ ಎಂದರೆ ಒಬ್ಬರೋ ಇಬ್ಬರೋ ಕೂಡುವ, ಉದ್ದ ರೆಕ್ಕೆಯ ತೆಳ್ಳನೆ ಬಿಳಿ ವಿಮಾನ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 15 ಮೀಟರ್, ಕೆಲವಕ್ಕೆ 18. ನೆಲದ ಮೇಲಿನ ಒಂದು ಯಂತ್ರ ಉದ್ದನೆಯ ಹಗ್ಗದಿಂದ ಅದನ್ನು ಸರ್ರನೆ ಎಳೆದು ಗಾಳಿಪಟದಂತೆ ಮೇಲೆ ಏರಿಸುತ್ತದೆ. ಇಲ್ಲವೇ ಇಂಜಿನ್ ಇರುವ ಇನ್ನೊಂದು ಪುಟ್ಟ ವಿಮಾನ ಹಗ್ಗ ಕಟ್ಟಿ ಎಳೆದೊಯ್ಯುತ್ತದೆ. ಮೇಲೆ ಹೋದ ಮೇಲೆ ಹಗ್ಗ ಕಳಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಗಾಳಿಯೇ ಗತಿ. ಒಳ್ಳೆಯ ಗ್ಲೈಡರ್ ಒಂದು ಕಿಲೋಮೀಟರ್ ಎತ್ತರದಿಂದ ಸುಮ್ಮನೆ ಜಾರುತ್ತಾ ಬಂದರೂ 40 ಕಿಲೋಮೀಟರ್ ದೂರ ಹೋಗುತ್ತದಂತೆ. ಅಂದರೆ ಕೊಪ್ಪಳದ ಮೇಲೆ ಬಿಟ್ಟರೆ ಹೆಚ್ಚುಕಡಿಮೆ ಗಂಗಾವತಿಗೆ ಬಂದು ಇಳಿದೀತು.

ಅಷ್ಟೇ ಅಲ್ಲ, ಅದು ಮೇಲಕ್ಕೂ ಏರುತ್ತದೆ. ನಮ್ಮ ಗುಡ್ಡಗಳ ಮೇಲೆ ಮಧ್ಯಾಹ್ನದ ಹೊತ್ತು ಹದ್ದು ರೆಕ್ಕೆ ಬಡಿಯದೆ ಸುತ್ತುಸುತ್ತು ಏರುವುದನ್ನು ನೋಡಿದ್ದೀರಲ್ಲ? ಅದೇ ವಿದ್ಯೆ. ಕಾದ ನೆಲದಿಂದ ಬಿಸಿ ಗಾಳಿ ಕಂಬದಂತೆ ಏಳುತ್ತದೆ. ಅದಕ್ಕೆ ಥರ್ಮಲ್ ಎನ್ನುತ್ತಾರೆ. ಅದರೊಳಗೆ ಸುತ್ತು ಹಾಕುತ್ತಾ ಇದ್ದರೆ ಗ್ಲೈಡರ್ ಮೇಲೇರುತ್ತದೆ.

"ನಮ್ ಗಂಗಾವತಿ ಗದ್ದಿ ಮ್ಯಾಲ ಇದು ಆಗಂಗಿಲ್ಲ ಅವ್ವಾ. ನೀರು ನಿಂತ ಭತ್ತದ ಗದ್ದಿ ತಂಪಿರ್ತಾವು. ಕುಷ್ಟಗಿ, ಯಲಬುರ್ಗಾ ಕಡೆ ಒಣ ಹೊಲ, ಬಂಡಿ ಗುಡ್ಡ ಕಾಯ್ತಾವಲ್ಲ, ಅಲ್ಲಿ ಮಸ್ತ್ ಏಳ್ತೈತಿ" ಎಂದಳು ಮಗಳು.

ನಮ್ಮ ಮನೆಯವರು ಯಲಬುರ್ಗಾದವರು. "ಮಳಿ ಇಲ್ಲದ ನಮ್ಮೂರಿಗೂ ಒಂದು ಅನುಕೂಲ ಐತಿ ಅಂದಂಗಾತು" ಎಂದು ನಕ್ಕರು. ಅವರು ನಕ್ಕರೆಂದು ನನಗೆ ಸಿಟ್ಟು ಬಂತು.

ಜರ್ಮನಿಯಲ್ಲೇ ಯಾಕೆ ಈ ಹುಚ್ಚು ಎಂದು ಕೇಳಿದಾಗ ಒಂದು ಕಥೆ ಹೇಳಿದಳು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1919ರ ವರ್ಸೈ ಒಪ್ಪಂದದಲ್ಲಿ ವಿಮಾನಗಳ ಮೇಲೆ ಬಿಗಿ ನಿರ್ಬಂಧ ಹಾಕಿದರು. ಇಂಜಿನ್ ವಿಮಾನ ಇಲ್ಲದಿದ್ದರೇನಂತೆ ಎಂದು ಅಲ್ಲಿನ ಹುಡುಗರು ಇಂಜಿನ್ ಇಲ್ಲದ್ದನ್ನೇ ಕಟ್ಟಿಕೊಂಡು ವಾಸರ್‌ಕುಪ್ಪೆ ಎಂಬ ಗುಡ್ಡ ಹತ್ತಿದರು. 1920ರಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಈಗಲೂ ಅಲ್ಲಿ ಊರೂರಿಗೆ ಗ್ಲೈಡರ್ ಕ್ಲಬ್ಬುಗಳಿವೆ. 14 ವರ್ಷದ ಹುಡುಗಿಯೂ ಗುರುಗಳು ಒಪ್ಪಿದರೆ ಒಬ್ಬಳೇ ಹಾರಬಹುದು.

ಇನ್ನೊಂದು ಮಾತೂ ಹೇಳಿದಳು. ಕೊಲ್ಹಾಪುರದ ಕಡೆಯ ವಿ. ಎಂ. ಘಾಟಗೆ ಎಂಬುವರು ಜರ್ಮನಿಯ ಗಟಿಂಗನ್‌ನಲ್ಲಿ ಪ್ರಾಂಟಲ್ ಎಂಬ ದೊಡ್ಡ ವಿಜ್ಞಾನಿಯ ಕೈಕೆಳಗೆ ಗಾಳಿಯ ಶಾಸ್ತ್ರ ಕಲಿತು ಬಂದರಂತೆ. 1941ರಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಹತ್ತು ಜನ ಕೂಡುವ ಗ್ಲೈಡರ್ ಒಂದನ್ನು ರೂಪಿಸಿದರು. ಹತ್ತು ವರ್ಷದ ಮೇಲೆ, 1951ರಲ್ಲಿ, ಅವರೇ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ ಬೆಂಗಳೂರಿನಲ್ಲಿ ಹಾರಿತು. "ನೋಡವ್ವಾ, ನಾ ಮೊದಲನೆಯವಳಲ್ಲ" ಎಂದಳು. ಅವರು ಗಂಡಸರು ಎಂದು ಹೇಳಲು ಬಾಯಿ ತೆರೆದವಳು ಯಾಕೋ ಸುಮ್ಮನಾದೆ.

ಎರಡು ವರ್ಷ ಕಲಿತು ಲೈಸೆನ್ಸ್ ತೆಗೆದುಕೊಂಡಳು. ನನ್ನ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಅವಳಿರುವುದು ಜರ್ಮನಿಯ ದಕ್ಷಿಣದ ಮೂಲೆ. ಒಂದು ಕಡೆ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳು, ನಡುವೆ ರೈನ್ ಹೊಳೆ, ಹೊಳೆ ದಾಟಿದರೆ ಫ್ರಾನ್ಸ್ ದೇಶ, ಸ್ವಲ್ಪ ಕೆಳಗೆ ಸರಿದರೆ ಸ್ವಿಟ್ಜರ್ಲೆಂಡ್. ಮೂರು ದೇಶ ಒಂದು ಕಟ್ಟೆಯ ಮೇಲೆ ಕೂತು ಮಾತಾಡಿದಷ್ಟು ಹತ್ತಿರ. ಒಂದು ಸಲ ಫೋನಿನಲ್ಲಿ, "ಈ ಬ್ಯಾಸಿಗ್ಯಾಗ ಹೊಳಿ ದಾಟಿ ಫ್ರಾನ್ಸಿಗೆ ಹೋಗಿ ಬರ್ತೀನಿ" ಎಂದಳು, ನಾವು ಹೊಸಪೇಟೆ ಸಂತೆಗೆ ಹೋಗಿಬರುತ್ತೇವೆ ಎನ್ನುವ ಹಾಗೆ.

"ಮ್ಯಾಲ ಯಾರು ಕೇಳ್ತಾರ? ಬಯಲಲ್ಲೇನು?" ಎಂದೆ.

"ಬಯಲಲ್ಲ ಅವ್ವಾ. ನಮ್ಮನಿಯಾಗ ದೇವರ ಮನಿ, ಅಡಗಿ ಮನಿ, ಪಡಸಾಲಿ ಇಲ್ಲೇನು? ಹಂಗ ಆಕಾಶದಾಗೂ ಅದಾವು."

ಆ ಮಾತು ಕೇಳಿ ನನಗೆ ಕುತೂಹಲ ಹುಟ್ಟಿತು. ಭಯ ಇದ್ದಲ್ಲಿ ಕುತೂಹಲ ಬಂದರೆ ಭಯ ಸ್ವಲ್ಪ ಸರಿದು ಜಾಗ ಕೊಡುತ್ತದೆ. ವಾರವಾರ ಫೋನಿನಲ್ಲಿ ಪಾಠ ಹೇಳಿಸಿಕೊಂಡೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಬೇಸರಪಡಬೇಡಿ.

ಭೂಮಿಗೆ ಗಡಿ ಇರುವಂತೆ ಆಕಾಶಕ್ಕೂ ಇದೆ. 1944ರಲ್ಲಿ ಅಮೆರಿಕದ ಚಿಕಾಗೋದಲ್ಲಿ ದೇಶಗಳೆಲ್ಲ ಕೂಡಿ ಒಂದು ಒಪ್ಪಂದ ಮಾಡಿಕೊಂಡವು. ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಪೂರ್ತಿ ಒಡೆಯ ಎಂಬುದು ಅದರ ಮೊದಲನೆಯ ಕಲಮು. ಆ ಆಕಾಶವನ್ನು ಏಳು ದರ್ಜೆ ಮಾಡಿದ್ದಾರೆ: ಎ, ಬಿ, ಸಿ, ಡಿ, ಇ, ಎಫ್, ಜಿ. ಎ ದರ್ಜೆ ಎಂದರೆ ದೇವರ ಕೋಣೆ. ಕಣ್ಣಿನಿಂದ ನೋಡಿಕೊಂಡು ಹಾರುವ ಗ್ಲೈಡರಿನವರಿಗೆ ಅಲ್ಲಿ ಪ್ರವೇಶವಿಲ್ಲ. ಬಿ, ಸಿ, ಡಿ ಎಂದರೆ ಅಡುಗೆ ಮನೆ. ರೇಡಿಯೋದಲ್ಲಿ ಕೇಳಬೇಕು, ಕೆಳಗಿನವರು 'ಬಾ' ಎಂದ ಮೇಲೆಯೇ ಕಾಲಿಡಬೇಕು. ಇ ದರ್ಜೆ ಪಡಸಾಲೆ. ಕೇಳುವುದು ಬೇಡ, ಆದರೆ ದೊಡ್ಡ ವಿಮಾನಗಳೂ ಅಲ್ಲಿ ಬರುವುದರಿಂದ ನಾಲ್ಕೂ ಕಡೆ ಕಣ್ಣಿರಬೇಕು. ಜಿ ಎಂದರೆ ಅಂಗಳ.

ಅಕ್ಷರಗಳು ಎಲ್ಲ ದೇಶಕ್ಕೂ ಒಂದೇ. ಆದರೆ ಯಾವ ಕೋಣೆ ಎಲ್ಲಿ, ಎಷ್ಟು ಎತ್ತರಕ್ಕೆ ಎಂಬುದು ಅವರವರ ಮನೆಯ ವಾಸ್ತು. ಜರ್ಮನಿಯ ಬಹುಭಾಗದಲ್ಲಿ ಸುಮಾರು 10,000 ಅಡಿಗೆ ಬಿಗಿ ಹತೋಟಿ ಶುರುವಾಗುತ್ತದೆ, ಆಲ್ಪ್ಸ್ ಪರ್ವತದ ಕಡೆ 13,000 ಅಡಿಗೆ. ಹೊಳೆ ದಾಟಿ ಫ್ರಾನ್ಸಿಗೆ ಹೋದರೆ ಬಹುಭಾಗದಲ್ಲಿ ಲೆಕ್ಕ 11,500. ಹೊಳೆಯ ಈ ದಂಡೆಯ ರೂಢಿಯಲ್ಲೇ ಆ ದಂಡೆಗೆ ಹೋದರೆ ಅರಿಯದೇ ತಪ್ಪು ಮಾಡಿದಂತೆ. ಇದರ ಮೇಲೆ ಜರ್ಮನಿಯ ಗ್ಲೈಡರುಗಳಲ್ಲಿ ಎತ್ತರ ತೋರಿಸುವ ಮುಳ್ಳು ಸಾಮಾನ್ಯವಾಗಿ ಮೀಟರ್ ಲೆಕ್ಕದಲ್ಲಿ, ನಕ್ಷೆ ಮಾತ್ರ ಅಡಿ ಲೆಕ್ಕದಲ್ಲಿ. 10,000 ಅಡಿ ಎಂದರೆ 3,048 ಮೀಟರ್. ನಮ್ಮ ಅತ್ತೆ ಸೇರಿನಲ್ಲಿ ಅಕ್ಕಿ ಹೇಳುವುದು, ನಾನು ಕಿಲೋದಲ್ಲಿ ಹಾಕುವುದು, ಅನ್ನ ಒಂದು ದಿನ ಮುದ್ದೆ, ಒಂದು ದಿನ ಕಾಳುಕಾಳು. ಅಡುಗೆಯಲ್ಲಾದರೆ ಗೊಣಗಿಕೊಂಡು ಉಣ್ಣುತ್ತಾರೆ. ಮೇಲೆ ಹಾಗಲ್ಲ.

ವಿಮಾನ ನಿಲ್ದಾಣದ ಮೇಲಿನ ಆಕಾಶದ ಆಕಾರ ಕೇಳಿ ನನಗೆ ನಗು ಬಂತು. ಕೆಳಗೆ ಸಣ್ಣ ಬೋಗುಣಿ, ಅದರ ಮೇಲೆ ದೊಡ್ಡದು, ಅದರ ಮೇಲೆ ಇನ್ನೂ ಅಗಲವಾದ ಪರಾತ. ವಿಮಾನಗಳು ದೂರದಿಂದ ಸಾವಕಾಶ ಇಳಿಯುತ್ತಾ ಬರುವುದರಿಂದ ಮೇಲೆ ಅಗಲ ಜಾಗ, ಕೆಳಗೆ ಕಿರಿದು. ಗ್ಲೈಡರಿನವರು ಆ ಪರಾತದ ಅಂಚಿನ ಕೆಳಗೆ ನುಸುಳಬಹುದು, ಮೇಲಕ್ಕೆ ಏರಬಾರದು. ಒಳ್ಳೆಯ ಥರ್ಮಲ್ ಸಿಕ್ಕು ಗ್ಲೈಡರ್ ತಾನಾಗಿ ಏರುತ್ತಿದ್ದರೂ, "ಸಾಕು" ಎಂದು ಬಿಟ್ಟು ಹೊರಡಬೇಕು. ಹಬ್ಬದ ದಿನ ಎರಡನೆಯ ಹೋಳಿಗೆಗೆ ಸಾಕು ಎನ್ನುವುದಕ್ಕಿಂತ ಕಷ್ಟದ ಕೆಲಸ ಅದು ಎಂದಳು.

ಬಾಸೆಲ್-ಮ್ಯೂಲೂಸ್ ವಿಮಾನ ನಿಲ್ದಾಣದ ಸಂಗತಿಯಂತೂ ಇನ್ನೂ ವಿಚಿತ್ರ. ಅದರ ನೆಲ ಫ್ರಾನ್ಸಿನದು. 1949ರ ಒಪ್ಪಂದದಂತೆ ಅದನ್ನು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಕೂಡಿಯೇ ನಡೆಸುತ್ತವೆ. ಅದರ ಹತೋಟಿಯ ಆಕಾಶದ ಒಂದಷ್ಟು ಭಾಗ ಜರ್ಮನಿಯ ನೆಲದ ಮೇಲೂ ಚಾಚಿದೆ. ಅಂದರೆ ಜರ್ಮನಿಯ ಹೊಲದ ಮೇಲೆ ಹಾರುವವಳು ಫ್ರಾನ್ಸಿನವರನ್ನು ಕೇಳಿ ಹಾರಬೇಕು. ಅಣ್ಣತಮ್ಮಂದಿರು ಬೇರೆಯಾಗಿ ಬಾವಿ ಮಾತ್ರ ಒಂದೇ ಉಳಿದ ಮನೆಗಳನ್ನು ಕಂಡ ನಮಗೆ ಇದು ಹೊಸದೇನಲ್ಲ.

ಇನ್ನೂ ಇವೆ. ಲೈಸೆನ್ಸ್, ವೈದ್ಯರ ಸರ್ಟಿಫಿಕೇಟ್, ಗ್ಲೈಡರಿನ ನೋಂದಣಿ, ವಿಮೆ, ಎಲ್ಲ ಕಾಗದ ಜೊತೆಯಲ್ಲಿರಬೇಕು. ಯುರೋಪಿನ ಒಂದು ದೇಶದ ಲೈಸೆನ್ಸ್ ನೆರೆಯ ದೇಶಗಳಲ್ಲೂ ನಡೆಯುತ್ತದೆ, ಆದರೆ ನಮ್ಮ ದೇಶದ ಲೈಸೆನ್ಸ್ ಹಿಡಿದು ಹೋದವರು ಅಲ್ಲಿನ ಇಲಾಖೆಯಿಂದ ಅದಕ್ಕೆ ಮಾನ್ಯತೆ ಪಡೆಯಬೇಕು. ಹೊರಡುವ ಮುಂಚೆ ಆ ದಿನದ ಸೂಚನೆಗಳನ್ನು ಓದಬೇಕು. ಇಲ್ಲಿ ಸೈನ್ಯದವರ ಅಭ್ಯಾಸ ಇದೆ, ಅಲ್ಲಿ ಪ್ಯಾರಾಚೂಟ್ ಹಾರುವವರಿದ್ದಾರೆ ಎಂದು ದಿನಾ ಬದಲಾಗುತ್ತಿರುತ್ತದೆ. ಕೆಲವು ಗಡಿ ದಾಟಲು ಫ್ಲೈಟ್ ಪ್ಲಾನ್ ಎಂಬ ಅರ್ಜಿಯನ್ನು ಮೊದಲೇ ಕೊಡಬೇಕು. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ನಿಯಮವಿದೆ. ಇಳಿದ ಮೇಲೆ "ಇಳಿದೆ" ಎಂದು ತಿಳಿಸಿ ಆ ಅರ್ಜಿಯನ್ನು ಮುಚ್ಚಬೇಕು. ಮುಚ್ಚದಿದ್ದರೆ ಹುಡುಕಾಟ ಶುರುವಾಗುತ್ತದೆ. 'ಮುಟ್ಟಿದ ಕೂಡ್ಲೆ ಫೋನ್ ಮಾಡು' ಎಂದು ಬಸ್ ಸ್ಟ್ಯಾಂಡಿನಲ್ಲಿ ನಾವು ಹೇಳುವುದನ್ನು ಸರಕಾರಗಳೇ ಕಾಯದೆ ಮಾಡಿವೆ, ನೋಡಿ!

ಸುತ್ತು ಹಾಕುವುದಕ್ಕೂ ಶಿಸ್ತಿದೆ. ಒಂದೇ ಥರ್ಮಲಿನಲ್ಲಿ ನಾಲ್ಕು ಗ್ಲೈಡರುಗಳು ಕೂಡಿದರೆ, ಮೊದಲು ಬಂದವರು ಎಡಕ್ಕೆ ಸುತ್ತುತ್ತಿದ್ದರೆ ಆಮೇಲೆ ಬಂದವರೆಲ್ಲ ಎಡಕ್ಕೇ. ಇಂಜಿನ್ ವಿಮಾನ ಗ್ಲೈಡರಿಗೆ ದಾರಿ ಬಿಡಬೇಕು. ಗ್ಲೈಡರ್ ಬಲೂನಿಗೆ ದಾರಿ ಬಿಡಬೇಕು. ಕೈಲಾಗದವರಿಗೆ ಕೈಲಾದವರು ದಾರಿ ಬಿಡುವುದು. ರೇಡಿಯೋ ಕೆಟ್ಟರೆ ಟ್ರಾನ್ಸ್‌ಪಾಂಡರ್ ಎಂಬ ಯಂತ್ರದಲ್ಲಿ 7600 ಎಂದು ತಿರುಗಿಸಬೇಕು, ಜೀವಕ್ಕೆ ಸಂಕಟವಾದರೆ 7700. ಇದು ಜಗತ್ತಿಗೆಲ್ಲ ಒಂದೇ.

ನಮ್ಮ ಊರಲ್ಲೂ ಈಗ ಇಂಥದ್ದು ಬಂದಿದೆ ಎನ್ನಿ. ಮದುವೆ ಮನೆಯಲ್ಲಿ ತಲೆಯ ಮೇಲೆ ಗುಂಯ್ ಎನ್ನುವ ಡ್ರೋನ್ ಕ್ಯಾಮರಾಕ್ಕೂ 2021ರ ನಿಯಮಗಳಿವೆ. ದೇಶದ ನಕ್ಷೆಗೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು ಗುರುತು ಮಾಡಿದ್ದಾರೆ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರಿಗೆ ತೊಂಬತ್ತರ ಹತ್ತಿರ ವಯಸ್ಸು. ಕಣ್ಣು ಮಂದ, ಕಿವಿ ಚುರುಕು. ಆನೆಗುಂದಿ ಅವರ ತವರು. ಅಂಜನಾದ್ರಿ ಬೆಟ್ಟ ನೋಡಿಕೊಂಡೇ ಬೆಳೆದವರು.

"ಇದರಾಗ ಹೊಸಾದೇನೈತೆ?" ಎಂದರು. "ಹನುಮಪ್ಪ ಸಣ್ಣಾವಿದ್ದಾಗ ಹೇಳದ ಕೇಳದ ಸೂರ್ಯನ್ನ ಹಿಡಿಯಾಕ ಹಾರಿದ. ಇಂದ್ರ ವಜ್ರಾಯುಧದಲೆ ಗದ್ದಕ್ಕ ಹೊಡದ. ದೊಡ್ಡಾವಾದ ಮ್ಯಾಲ ಸಮುದ್ರ ಹಾರುವಾಗ ಶಾಣ್ಯಾ ಆಗಿದ್ದ. ಸುರಸೆ ಅಡ್ಡ ಬಂದ್ಲು, ಕೈ ಮುಗದು, ಅಕಿ ಮಾತು ನಡಸಿ ದಾಟಿದ."

ಸುರಸೆ ರೇಡಿಯೋದಲ್ಲಿ ಕೇಳಬೇಕಾದ ಹತೋಟಿಯವಳು, ನೆರಳು ಹಿಡಿದು ಎಳೆಯುವ ಸಿಂಹಿಕೆ ರಾಡಾರ್, ಬಾಗಿಲಲ್ಲಿ ತಡೆಯುವ ಲಂಕಿಣಿ ಗಡಿ ಠಾಣೆ. ನಾನು ಇದನ್ನು ಮಗಳಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿದಳಂತೆ.

ಅತ್ತೆಗೆ ಇನ್ನೊಂದು ನೆನಪಿತ್ತು. ಅವರು ಸಣ್ಣವರಿದ್ದಾಗ ತುಂಗಭದ್ರೆಯ ಈ ದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನ, ಆ ದಂಡೆಯ ಹಂಪಿ, ಹೊಸಪೇಟೆ ಬ್ರಿಟಿಷರ ಮದರಾಸು ಪ್ರಾಂತ. ಹರಿಗೋಲಿನಲ್ಲಿ ಹೊಳೆ ದಾಟಿದರೆ ಬೇರೆ ಸರಕಾರ. ಈ ಕಡೆ ಹಾಲಿ ಸಿಕ್ಕಾ, ಆ ಕಡೆ ಇಂಗ್ಲಿಷ್ ರೂಪಾಯಿ. ಸಾಮಾನು ಒಯ್ದರೆ ಕರೋಡಗಿರಿ ನಾಕಾದಲ್ಲಿ ಸುಂಕ. "ನಮ್ಮವ್ವನ ತವರು ಹೊಳಿ ಆಚೆ. ಒಂದು ಸೀರಿ ತಂದ್ರ ಮಡಚಿ ಮಡಚಿ ಮಗ್ಗಲದಾಗ ಇಟ್ಕೊಂಡು ಬರ್ತಿದ್ಲು. ಹಕ್ಕಿ ಮಾತ್ರ ಹಂಗ ದಾಟ್ತಿದ್ವು" ಎಂದರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ಎರಡೂ ದಂಡೆ ಒಂದೇ ರಾಜ್ಯವಾದವು. ಹೊಳೆ ಅಷ್ಟೇ ಇದೆ, ಗೆರೆ ಹೋಯಿತು. ಮೊಮ್ಮಗಳು ರೈನ್ ಹೊಳೆ ದಾಟುತ್ತಾಳೆ ಎಂದಾಗ ಅತ್ತೆಗೆ ಭಯವಾಗಲಿಲ್ಲ. "ನಾಕಾದಾಗ ಕೇಳಿ ದಾಟು ಅಂತ ಹೇಳು" ಎಂದರು, ಅಷ್ಟೇ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ.

ಹೋದ ವರ್ಷ ಯುಗಾದಿಯ ಮುಂದೆ ಸಿಂಧನೂರು ಕಡೆಯ ಒಂದು ಮನೆತನದಿಂದ ಮಗಳಿಗೆ ಸಂಬಂಧ ಬಂತು. ಒಳ್ಳೆಯ ಜನ, ಹುಡುಗನೂ ಓದಿದವ. ನೆಂಟಸ್ತಿಕೆ ತಂದವರು ನನ್ನನ್ನು ಬದಿಗೆ ಕರೆದು, "ಈ ವಿಮಾನದ ಸುದ್ದಿ ಸದ್ಯ ತೆಗಿಬ್ಯಾಡ್ರಿ. ಓದ್ತಾಳ, ಅಡಗಿ ಬರ್ತೈತಿ, ಅಷ್ಟ ಸಾಕು" ಎಂದರು. ನಾನು ಒಪ್ಪಿದೆ. ಸುಳ್ಳು ಹೇಳುವುದಲ್ಲವಲ್ಲ, ಹೇಳದೇ ಇರುವುದು ತಾನೇ ಎಂದು ಸಮಾಧಾನ ಮಾಡಿಕೊಂಡೆ. ಮದುವೆ ಆದರೆ ಈ ಹಾರಾಟ ತಾನಾಗಿ ನಿಂತೀತು ಎಂಬ ಆಸೆಯೂ ಒಳಗೆ ಇತ್ತು. ನಿಮ್ಮ ಮುಂದೆ ಮುಚ್ಚಿಡುವುದೇನು?

ಮೇ ತಿಂಗಳ ಒಂದು ಶನಿವಾರ. ಮಗಳು ಹೊಳೆ ದಾಟಿ ಫ್ರಾನ್ಸಿನ ವೋಜ್ ಬೆಟ್ಟಗಳ ಮೇಲೆ ಹೋಗಿ ಸಂಜೆಗೆ ತಿರುಗಿ ಬರುವವಳಿದ್ದಳು. "ಆರಕ್ಕ ಇಳೀತೀನಿ, ಫೋನ್ ಮಾಡ್ತೀನಿ" ಎಂದಿದ್ದಳು. ಅಂದರೆ ನಮಗೆ ರಾತ್ರಿ ಒಂಬತ್ತೂವರೆ. ಒಂಬತ್ತೂವರೆ ಆಯಿತು, ಹತ್ತೂವರೆ ಆಯಿತು. ನಾನೇ ಮಾಡಿದರೆ ಫೋನ್ ಸ್ವಿಚ್ ಆಫ್. ನಮ್ಮ ಮನೆಯವರು ಮರುದಿನ ಮದುವೆಯೊಂದಕ್ಕೆಂದು ಕೊಪ್ಪಳಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅತ್ತೆಗೆ ಹೇಳದೆ ಅಡುಗೆ ಮನೆಗೆ ಹೋಗಿ ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ. ಕ್ಲಬ್ಬಿನ ನಂಬರು ನನ್ನಲ್ಲಿರಲಿಲ್ಲ. ಮೂರು ವರ್ಷದಲ್ಲಿ ಕೇಳಿ ಇಟ್ಟುಕೊಂಡಿರಲೇ ಇಲ್ಲ. ಯಾಕೆಂದರೆ ಅವಳ ಹಾರಾಟವನ್ನು ನಾನು ಬಾಯಲ್ಲಿ ಒಪ್ಪಿದ್ದೆ, ಮನಸ್ಸಿನಲ್ಲಿ ಒಪ್ಪಿರಲಿಲ್ಲ.

ಹನ್ನೊಂದಕ್ಕೆ ಅತ್ತೆ ಕೂಗಿದರು. "ಎಷ್ಟ್ ಪಾತ್ರಿ ತಿಕ್ತೀ? ಬಾ ಇಲ್ಲಿ, ಕೂಡು." ಅವರಿಗೆ ಎಲ್ಲ ತಿಳಿದಿತ್ತು. ಇಬ್ಬರೂ ದೇವರ ದೀಪದ ಮುಂದೆ ಕೂತೆವು, ಮಾತಿಲ್ಲ.

ಒಂದೂಕಾಲಿಗೆ ಫೋನ್ ಬಂತು. ಯಾವುದೋ ಬೇರೆ ನಂಬರು. "ಅವ್ವಾ, ನಾನs. ಆರಾಮದೀನಿ."

ಆದದ್ದಿಷ್ಟು. ತಿರುಗಿ ಬರುವಾಗ ಮೇಲೆ ಮೋಡದ ಪರದೆ ಬಂದು ಬಿಸಿಲು ಹೋಯಿತು. ಬಿಸಿಲು ಹೋದರೆ ಥರ್ಮಲ್ ಇಲ್ಲ, ಎತ್ತರ ಕರಗುತ್ತಾ ಬಂತು. ನೆಟ್ಟಗೆ ಹೋದರೆ ಅವಳ ಮೈದಾನ ಸಿಗುತ್ತಿತ್ತು. ಆದರೆ ಆ ನೆಟ್ಟನೆಯ ದಾರಿ ಒಂದು ವಿಮಾನ ನಿಲ್ದಾಣದ ಹತೋಟಿಯ ಆಕಾಶದ ಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತಿತ್ತು. ರೇಡಿಯೋದಲ್ಲಿ ಕೇಳಿದಳು. ದೊಡ್ಡ ವಿಮಾನಗಳು ಸಾಲಾಗಿ ಇಳಿಯುತ್ತಿವೆ, ಹೊರಗೇ ಇರು ಎಂದು ಉತ್ತರ ಬಂತು. ಕಾಯಲು ಎತ್ತರ ಇರಲಿಲ್ಲ. ಇಂಜಿನ್ ಇಲ್ಲದವಳು ನಿಂತು ಕಾಯುವುದು ಹೇಗೆ? ಸುಮ್ಮನೆ ಒಳಗೆ ನುಗ್ಗಿದ್ದರೆ ಎರಡು ಮೂರು ನಿಮಿಷದ ಮಾತು. ಮೊದಲೇ ನೋಡಿಟ್ಟುಕೊಂಡಿದ್ದ ಹುಲ್ಲು ಕೊಯ್ದ ಹೊಲದಲ್ಲಿ ಇಳಿದುಬಿಟ್ಟಳು, ಫ್ರಾನ್ಸಿನ ನೆಲದಲ್ಲೇ. ಇಂಥ ಇಳಿಯುವಿಕೆ ಗ್ಲೈಡರಿನವರಿಗೆ ಹೊಸದಲ್ಲ, ಅದಕ್ಕೂ ತರಬೇತಿ ಇರುತ್ತದೆ. ಕ್ಲಬ್ಬಿಗೆ ತಾನಿರುವ ಜಾಗ ಹೇಳಿ ಮುಗಿಸುವಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಿತು. ಹೊಲದ ಯಜಮಾನ, ಅವನ ಹೆಂಡತಿ ಓಡಿ ಬಂದರು. ಮನೆಗೆ ಕರೆದು ಕಾಫಿ ಕೊಟ್ಟರು. ಇವಳು ತನ್ನ ಬುತ್ತಿಯಲ್ಲಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಆ ತಾಯಿ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡರೂ ಎರಡು ತುಂಡು ತಿಂದಳಂತೆ. ಕತ್ತಲಾಗುವ ಹೊತ್ತಿಗೆ ಕ್ಲಬ್ಬಿನ ಗೆಳೆಯರು ಉದ್ದನೆಯ ಗಾಡಿ ತಂದು, ರೆಕ್ಕೆ ಬಿಚ್ಚಿ, ಗ್ಲೈಡರನ್ನು ಅದರೊಳಗೆ ಸೇರಿಸಿದರು. ಅವರಲ್ಲೊಬ್ಬರ ಫೋನಿನಿಂದ ನನಗೆ ಫೋನ್ ಮಾಡಿದ್ದಳು.

"ಎರಡು ನಿಮಿಷದ ಮಾತಾಗಿದ್ರ ನುಗ್ಗಿ ಬರಬೇಕಿಲ್ಲೇನು?" ಎಂದು ಅಳುತ್ತಲೇ ಬೈದೆ. ತಾಯಿಯ ನ್ಯಾಯ ನೋಡಿ, ಮಗಳು ಕಾಯದೆ ಮುರಿದಾದರೂ ಬೇಗ ಬರಲಿ ಎಂಬ ನ್ಯಾಯ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅವ್ವಾ, ಇಳಿಯೂ ವಿಮಾನದಾಗ ನೂರಾರು ಮಂದಿ ಇರ್ತಾರ. ಅವರಿಗೆ ನಾ ಕಾಣಂಗಿಲ್ಲ. ಬಿಳಿ ಗ್ಲೈಡರ್, ಬಿಳಿ ಮೋಡ. ಅವರ ಮನ್ಯಾಗೂ ಒಬ್ಬಾಕಿ ಅವ್ವ ಫೋನ್ ಹಿಡಕೊಂಡು ಕುಂತಿರ್ತಾಳಲ್ಲ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸ್ತಿಲು, ಗೆರೆ ಎಂಬ ಮಾತು ಕೇಳಿದರೆ ನನ್ನ ಎದೆಯಲ್ಲಿ ಬೇರೆಯೇ ಒಂದು ನೋವಿತ್ತು. ಮದುವೆಯಾದ ಮರುವರ್ಷ, 1988ರಲ್ಲಿ, ರಾಯಚೂರಿನಲ್ಲಿ ಟಿ.ಸಿ.ಎಚ್. ತರಬೇತಿಗೆ ನನಗೆ ಸೀಟು ಸಿಕ್ಕಿತ್ತು. 'ಸೊಸಿ ಊರು ಬಿಟ್ಟು ಹೋಗೂದು ಬ್ಯಾಡ' ಎಂದವರು ಇದೇ ಅತ್ತೆ. ನಾನು ಟೀಚರ್ ಆಗಲಿಲ್ಲ. ಅಂದಿನಿಂದ ಗೆರೆ ಎಂದರೆ ನನ್ನನ್ನು ಕಟ್ಟಿಹಾಕಲು ಎಳೆದದ್ದು ಎಂದೇ ತಿಳಿದಿದ್ದೆ. ಈಗ ಅದೇ ಕೈಯಿಂದ, ಮದುವೆಯ ನೆಪದಲ್ಲಿ, ಮಗಳ ಸುತ್ತ ಒಂದು ಗೆರೆ ಎಳೆಯಲು ಹೊರಟಿದ್ದೆ. ಮಗಳ ಆಕಾಶದಲ್ಲಿ ಇರುವ ಗೆರೆಗಳು ಬೇರೆ ತರಹ. 'ನೀ ಹಾರಬ್ಯಾಡ' ಎನ್ನುವುದಿಲ್ಲ ಅವು. 'ಇಲ್ಲಿ ಇನ್ನೊಬ್ಬರಿದ್ದಾರೆ, ಕೇಳಿ ಬಾ' ಎನ್ನುತ್ತವೆ. ಆ ಗೆರೆಗಳಿರುವುದರಿಂದಲೇ ಅಷ್ಟು ಜನ ಒಂದೇ ಆಕಾಶದಲ್ಲಿ ಹಾರಿ ಸುರಕ್ಷಿತವಾಗಿ ಇಳಿಯುತ್ತಾರೆ. ಹೆಣ್ಣುಮಕ್ಕಳಾದ ನಮಗೆ ಯಾವ ಗೆರೆ ಯಾವ ತರಹದ್ದು ಎಂದು ಬಿಡಿಸಿ ನೋಡಲು ಯಾರೂ ಕಲಿಸಲಿಲ್ಲ. ಎಲ್ಲಕ್ಕೂ ಲಕ್ಷ್ಮಣರೇಖೆ ಎಂದು ಒಂದೇ ಹೆಸರಿಟ್ಟು ಕೊಟ್ಟರು.

ಬೆಳಿಗ್ಗೆ ಅತ್ತೆಗೆ ಚಹಾ ಕೊಡುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಮೂವತ್ತೇಳು ವರ್ಷ ಕೇಳದ ಮಾತು. "ಅತ್ತಿ, ಮೊಮ್ಮಗಳಿಗೆ ಆಕಾಶಕ್ಕ ಹೋಗು ಅಂತೀರಿ. ನನಗ ರಾಯಚೂರಿಗೆ ಯಾಕ ಬಿಡಲಿಲ್ಲ?"

ಅತ್ತೆ ಬಟ್ಟಲು ಕೆಳಗಿಟ್ಟರು. "ಅವಾಗ ನಂಗ ಆ ದಾರಿ ಗೊತ್ತಿರಲಿಲ್ಲವಾ. ಗೊತ್ತಿಲ್ಲದ ದಾರಿಗೆ ಬ್ಯಾಡ ಅನ್ನೂದು ಸಸಾರ. ನೀ ಮಗಳ ದಾರಿ ತಿಳಕೊಂಡು ನಂಗ ಹೇಳಿದಿ. ನಿನ್ನ ದಾರಿ ನಂಗ ಯಾರೂ ಹೇಳಲಿಲ್ಲ." ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟು, "ತಪ್ಪಾತು" ಎಂದರು. ಅಷ್ಟು ವಯಸ್ಸಿನವರ ಬಾಯಲ್ಲಿ ಆ ಮಾತು ಕೇಳಬಾರದು ಅನ್ನಿಸಿತು. ಕೇಳಿದ್ದಕ್ಕೆ ಹಗುರವೂ ಆಯಿತು.

ಅದೇ ವಾರ ನಮ್ಮ ಮನೆಯವರಿಗೆ ಹೇಳಿ, ಸಿಂಧನೂರಿನ ಬೀಗತಿ ಆಗುವವರಿಗೆ ನಾನೇ ಫೋನ್ ಮಾಡಿದೆ. ಮಗಳು ಗ್ಲೈಡರ್ ಹಾರಿಸುತ್ತಾಳೆ, ಮದುವೆಯಾದ ಮೇಲೆ ಬಿಡುತ್ತಾಳೆಂದು ನಾವು ಮಾತು ಕೊಡುವುದಿಲ್ಲ ಎಂದೆ. ಆಕೆ ಒಳ್ಳೆಯವರು. ಬಹಳ ಹೊತ್ತು ವಿಚಾರಿಸಿದರು, ಇಂಜಿನ್ ಇಲ್ಲದೆ ಹೇಗೆ ಎಂದು ನನ್ನಂತೆಯೇ ಗಾಬರಿಯಾದರು. ಹದಿನೈದು ದಿನ ಬಿಟ್ಟು, 'ನಮ್ಮ ಮನಿಗೆ ಹೊಂದಂಗಿಲ್ಲ ಅನಸ್ತೈತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ' ಎಂದು ಹೇಳಿ ಕಳಿಸಿದರು. ಬೇಸರ ಆಯಿತು, ಆಗಲಿಲ್ಲವೆಂದರೆ ಸುಳ್ಳು. ಆದರೆ ಮದುವೆಯಾದ ಮೇಲೆ ತಿಳಿದು ಆಗುವ ಬೇಸರಕ್ಕಿಂತ ಇದು ಸಣ್ಣದು. ನೆಂಟಸ್ತಿಕೆ ತಂದವರು ಈಗಲೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಮುಂದಿನ ಸಲ ಯಾರು ಬಂದರೂ ಮೊದಲ ಮಾತೇ ಅದು ಎಂದು ನಾವೆಲ್ಲ ನಿಶ್ಚಯಿಸಿಕೊಂಡಿದ್ದೇವೆ.

ಸೋದರಿಯರೇ, ನನ್ನದು ಗ್ಲೈಡರಿನ ಕಥೆಯಾಯಿತು. ನಿಮ್ಮ ಮಗಳದು ಬೇರೆ ಏನೋ ಇದ್ದೀತು. ಹುಬ್ಬಳ್ಳಿಯ ನೌಕರಿಯೋ, ಬೆಂಗಳೂರಿನ ಹಾಸ್ಟೆಲೋ, ನಿಮಗೆ ಹೆಸರೂ ತಿಳಿಯದ ಯಾವುದೋ ಓದೋ. ಬೇಡ ಎನ್ನುವ ಮುಂಚೆ ಆ ದಾರಿಯ ನಿಯಮಗಳೇನು ಎಂದು ಅವಳನ್ನೇ ಕೂಡಿಸಿಕೊಂಡು ಕೇಳಿ. ಅಲ್ಲಿ ಯಾರಿದ್ದಾರೆ, ಸಂಕಟ ಬಂದರೆ ಯಾರಿಗೆ ಹೇಳಬೇಕು, ಅವರ ನಂಬರೇನು, ಬರೆದಿಟ್ಟುಕೊಳ್ಳಿ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಗ ಕ್ಲಬ್ಬಿನ ಮೂವರ ನಂಬರುಗಳಿವೆ, ಅದರ ಪಕ್ಕದಲ್ಲಿ ಮೂರು ದೇಶಗಳ ಆಕಾಶದ ನಕ್ಷೆಯ ಒಂದು ತುಂಡು. ಕಿನ್ನಾಳದಿಂದ ತರಿಸಿದ ಒಂದು ಪುಟ್ಟ ಬಣ್ಣದ ಗರುಡನನ್ನು ಮಗಳಿಗೆ ಕಳಿಸಿದ್ದೇನೆ. ಹಾರುವಾಗ ಸಡಿಲ ಸಾಮಾನು ಇಡಬಾರದಂತೆ, ಅದಕ್ಕೆ ಅವನು ಅವಳ ಕೋಣೆಯ ಕಿಟಕಿಯಲ್ಲೇ ಕೂತಿದ್ದಾನೆ.

ನಮ್ಮಿಬ್ಬರ ನಡುವೆಯೂ ಒಂದು ಫ್ಲೈಟ್ ಪ್ಲಾನ್ ಇದೆ. ಹೊರಡುವ ಮುಂಚೆ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಬರೆಯುತ್ತಾಳೆ. ಇಳಿದ ಮೇಲೆ 'ಇಳಿದೆ, ಉಂಡೆ' ಎಂದು ಎರಡು ಮಾತು ಬರುತ್ತದೆ. ಅದನ್ನು ಅತ್ತೆಗೆ ಓದಿ ಹೇಳುತ್ತೇನೆ. ಅವರು "ಹ್ಞೂಂ, ಮುಚ್ಚು" ಎನ್ನುತ್ತಾರೆ. ಆಮೇಲೆ ದೀಪ ಆರಿಸಿ ಮಲಗುತ್ತೇವೆ.